ಬಾಗಿಲು ತೆರೆದದ್ದು ಅಪರಾಧವೇ?

2025ರ ಫೆಬ್ರವರಿ 5. ಅಮೃತಸರದಲ್ಲಿ ಅಮೆರಿಕದ ಸೇನಾ ವಿಮಾನ ಇಳಿಯಿತು. ಒಳಗಿದ್ದವರು 104 ಭಾರತೀಯರು. ಕೈಗೆ ಕೋಳ, ಕಾಲಿಗೆ ಸರಪಳಿ. ಆ ಸುದ್ದಿಯನ್ನು ನೀವೆಲ್ಲ ನೋಡಿದ್ದೀರಿ. ಏಜೆಂಟರಿಗೆ ಲಕ್ಷ ಲಕ್ಷ ಸುರಿದು, ಕಾಡು ದಾಟಿ, ಮೆಕ್ಸಿಕೊ ಗಡಿ ತನಕ ಹೋದವರ ಕಥೆ ಕೇಳಿದ್ದೀರಿ. ಇವತ್ತು ಅದೇ ಗಡಿಯಲ್ಲಿರುವ ಒಂದು ಮನೆಯ ಕಥೆ ಹೇಳ್ತೀನಿ. ಗಡಿ ದಾಟಿ ಬಂದವರಿಗೆ ಊಟ, ಹಾಸಿಗೆ ಕೊಟ್ಟಿದ್ದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾದ ಮನೆ ಅದು.

ಟೆಕ್ಸಾಸ್ ರಾಜ್ಯದ ಎಲ್ ಪಾಸೊ ನಗರ. ರಿಯೊ ಗ್ರಾಂಡೆ ನದಿಯ ಈ ದಡದಲ್ಲಿ ಅಮೆರಿಕ, ಆ ದಡದಲ್ಲಿ ಮೆಕ್ಸಿಕೊ. 1978ರಲ್ಲಿ ರೂಬೆನ್ ಗಾರ್ಸಿಯಾ ಎಂಬ ಯುವಕ ಮತ್ತು ಅವರ ಕೆಲವು ಕ್ಯಾಥೊಲಿಕ್ ಗೆಳೆಯರು ಅಲ್ಲಿ ಒಂದು ಹಳೇ ಕಟ್ಟಡದಲ್ಲಿ ಆಶ್ರಯ ಮನೆ ಶುರು ಮಾಡಿದರು. ಹೆಸರು ‘ಅನನ್ಸಿಯೇಷನ್ ಹೌಸ್’. ಊರಲ್ಲಿ ತೀರಾ ದಿಕ್ಕಿಲ್ಲದವರು ಯಾರೋ ಅವರಿಗೆ ನೆರವಾಗೋಣ ಅನ್ನೋದು ಅವರ ಯೋಚನೆ. ದಿಕ್ಕಿಲ್ಲದವರು ಯಾರು ಅಂತ ಹುಡುಕಿದರೆ, ಕಾಗದಪತ್ರ ಇಲ್ಲದ ವಲಸಿಗರು! ಬೇರೆ ಆಶ್ರಯ ತಾಣಗಳ ಬಾಗಿಲು ಅವರಿಗೆ ಮುಚ್ಚಿತ್ತು. ಇವರು ತೆರೆದರು. ಸ್ವಯಂಸೇವಕರು ಸಂಬಳವಿಲ್ಲದೆ, ಬಂದವರ ಜೊತೆ ಅದೇ ಮನೆಯಲ್ಲೇ ಇದ್ದು ದುಡಿಯುತ್ತಾ ಬಂದರು.

ಇಲ್ಲಿ ಒಂದು ವಿಷಯ ಗಮನಿಸಿ. ಇತ್ತೀಚಿನ ವರ್ಷಗಳಲ್ಲಿ ಈ ಮನೆಗೆ ಬಂದವರಲ್ಲಿ ಹೆಚ್ಚಿನವರನ್ನು ಕಳಿಸಿದ್ದು ಯಾರು? ಅಮೆರಿಕದ ಕೇಂದ್ರ ಸರ್ಕಾರದ ಅಧಿಕಾರಿಗಳೇ. ಗಡಿಯಲ್ಲಿ ಹಿಡಿದು, ವಿಚಾರಣೆಯ ತಾರೀಕು ಬರೆದುಕೊಟ್ಟು ಬಿಟ್ಟವರನ್ನು ಎಲ್ಲಿಗೆ ಕಳಿಸೋದು? ಗಾರ್ಸಿಯಾಗೆ ಫೋನ್. ಇವತ್ತು ಎಷ್ಟು ಜನರಿಗೆ ಜಾಗ ಇದೆ? ಅಲ್ಲಿ ಸ್ನಾನ, ಊಟ, ಬದಲಿಸಲು ಬಟ್ಟೆ, ಊರಿನ ನೆಂಟರಿಗೆ ಒಂದು ಫೋನ್. ಒಂದೆರಡು ದಿನದಲ್ಲಿ ಅವರು ಬಸ್ಸೋ ವಿಮಾನವೋ ಹತ್ತಿ ನೆಂಟರ ಊರಿಗೆ ಹೊರಡುತ್ತಿದ್ದರು.

ಇಂಥ ಮನೆ ಇಲ್ಲದಿದ್ದರೆ ಏನಾಗುತ್ತೆ? 2018ರ ಕ್ರಿಸ್‌ಮಸ್ ಹೊತ್ತಿನಲ್ಲಿ ಎಲ್ ಪಾಸೊ ಅದನ್ನೂ ನೋಡಿತು. ಅಧಿಕಾರಿಗಳು ಆಶ್ರಯ ಮನೆಗಳಿಗೆ ಮುಂಚೆ ತಿಳಿಸದೆ ನೂರಾರು ವಲಸಿಗರನ್ನು ಬಸ್ ನಿಲ್ದಾಣದ ಬಳಿ ಇಳಿಸಿ ಹೋದರು. ಮಕ್ಕಳು, ಮರಿ, ಡಿಸೆಂಬರ್ ಚಳಿ. ಊರಿನವರೇ ಓಡಾಡಿ ಊಟ, ಜಾಗ ಹೊಂದಿಸಬೇಕಾಯಿತು.

ಈಗ 2024ಕ್ಕೆ ಬನ್ನಿ. ಫೆಬ್ರವರಿ 7ರಂದು ಟೆಕ್ಸಾಸ್‌ನ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರ ಕಚೇರಿಯಿಂದ ವಕೀಲರು ಬಂದರು. ನಿಮ್ಮ ದಾಖಲೆ ಕೊಡಿ, ಯಾರ್‍ಯಾರಿಗೆ ನೆರವು ಕೊಟ್ಟಿದ್ದೀರಿ ಅನ್ನೋ ಪಟ್ಟಿ ಕೊಡಿ ಅಂದರು. ಕೊಟ್ಟ ಗಡುವು ಒಂದು ದಿನ! ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಟೆಕ್ಸಾಸ್‌ನಲ್ಲಿ ಅಟಾರ್ನಿ ಜನರಲ್ ಓಟು ಕೇಳಿ ಗೆದ್ದು ಬರುವವರು. ಗಡಿ ವಿಚಾರ ಅಂದ್ರೆ ಅಲ್ಲಿ ಓಟಿನ ವಿಚಾರವೂ ಹೌದು. ಇದನ್ನು ಮರೆಯಬಾರದು.

ಗಾರ್ಸಿಯಾ ಮುಂದೆ ಎರಡು ಸುಲಭದ ದಾರಿ ಇತ್ತು. ಪಟ್ಟಿ ಕೊಟ್ಟು ಕೈತೊಳೆದುಕೊಳ್ಳೋದು, ಇಲ್ಲಾ ಬಾಗಿಲು ಹಾಕಿ ಮನೆಗೆ ಹೋಗೋದು. ಎರಡನ್ನೂ ಮಾಡಲಿಲ್ಲ. ಕಾನೂನಿನಂತೆ ಯಾವುದನ್ನು ಕೊಡಬೇಕು ಅಂತ ನ್ಯಾಯಾಧೀಶರು ಹೇಳಲಿ ಎಂದು ಸಂಸ್ಥೆ ಕೋರ್ಟಿಗೆ ಹೋಯಿತು. ಪ್ಯಾಕ್ಸ್‌ಟನ್ ಸುಮ್ಮನಿರಲಿಲ್ಲ. ಇದು ಆಶ್ರಯ ಮನೆಯಲ್ಲ, ವಲಸಿಗರನ್ನು ಬಚ್ಚಿಡುವ, ಕಳ್ಳಸಾಗಣೆಗೆ ನೆರವಾಗುವ ಜಾಗ; ಇದರ ನೋಂದಣಿಯನ್ನೇ ರದ್ದು ಮಾಡಬೇಕು ಎಂದು ವಾದಿಸಿದರು. ಕಳಿಸಿದ್ದು ಸರ್ಕಾರಿ ಅಧಿಕಾರಿ, ಊಟ ಬಡಿಸಿದವನು ಕಳ್ಳಸಾಗಣೆದಾರ! ಎಂಥಾ ನ್ಯಾಯ ಸ್ವಾಮಿ ಇದು?

ಹಾಗಂತ ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಗಡಿಯೇ ಇಲ್ಲದ ದೇಶ ಇರೋಕೆ ಸಾಧ್ಯವಿಲ್ಲ. ಯಾರು ಒಳಗೆ ಬರಬೇಕು ಅಂತ ನಿರ್ಧರಿಸೋ ಹಕ್ಕು ಅಮೆರಿಕಕ್ಕೂ ಇದೆ, ನಮಗೂ ಇದೆ. ಸೇವೆ ಅನ್ನೋ ಹೆಸರಿದ್ದ ಮಾತ್ರಕ್ಕೆ ಯಾವ ಸಂಸ್ಥೆಯೂ ತನಿಖೆಗೆ ಅತೀತ ಅಲ್ಲ. ಅಧಿಕಾರಿಗಳ ಕಣ್ಣಿಗೆ ಬೀಳದೆ ಬಂದವರಿಗೂ ಈ ಮನೆ ಜಾಗ ಕೊಟ್ಟಿದೆ, ಅದನ್ನು ಮುಚ್ಚಿಟ್ಟೂ ಇಲ್ಲ. ಆದರೆ ಲೆಕ್ಕಪತ್ರ ಕೇಳೋದು ಬೇರೆ, ಹಸಿದು ಬಂದವರ ಹೆಸರಿನ ಪಟ್ಟಿ ಕೇಳೋದು ಬೇರೆ. ನಿಮ್ಮ ಹೆಸರು ನಾಳೆ ಸರ್ಕಾರಿ ವಕೀಲರ ಟೇಬಲ್ ಮೇಲಿರುತ್ತೆ ಅಂತ ಗೊತ್ತಾದರೆ, ಯಾವ ತಾಯಿ ಮಗುವನ್ನೆತ್ತಿಕೊಂಡು ಆ ಬಾಗಿಲು ತಟ್ಟುತ್ತಾಳೆ? ಬೀಗ ಹಾಕಬೇಕಾಗಿಯೇ ಇಲ್ಲ, ಭಯ ಹುಟ್ಟಿಸಿದರೆ ಸಾಕು, ಮನೆ ತಾನಾಗಿ ಖಾಲಿಯಾಗುತ್ತೆ.

2024ರ ಜುಲೈನಲ್ಲಿ ಎಲ್ ಪಾಸೊದ ನ್ಯಾಯಾಧೀಶರು ಈ ಮನೆಯ ಪರ ತೀರ್ಪು ಕೊಟ್ಟರು. ಪ್ಯಾಕ್ಸ್‌ಟನ್ ಟೆಕ್ಸಾಸ್ ಸುಪ್ರೀಂ ಕೋರ್ಟಿಗೆ ಹೋದರು. 2025ರ ಮೇ 30ರಂದು ಅಲ್ಲಿ ತೀರ್ಪು ತಿರುಗಿತು. ಅಟಾರ್ನಿ ಜನರಲ್ ತಮ್ಮ ಮೊಕದ್ದಮೆ ಮುಂದುವರಿಸಬಹುದು ಎಂದಿತು ಕೋರ್ಟ್. ಸರಿಯಾಗಿ ಕೇಳಿಸಿಕೊಳ್ಳಿ, ಈ ಮನೆ ತಪ್ಪು ಮಾಡಿದೆ ಅಂತ ಹೇಳಲಿಲ್ಲ. ಮೊಕದ್ದಮೆ ಹೂಡುವ ಅಧಿಕಾರ ಇದೆ ಅಂದಿತು, ಅಷ್ಟೇ.

ಎಲ್ ಪಾಸೊದ ಬಿಷಪ್ ಮಾರ್ಕ್ ಸೈಟ್ಸ್ ಈ ಮನೆಯ ಬೆನ್ನಿಗೆ ನಿಂತರು. ಅಂದಿನ ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಸಿಬಿಎಸ್ ವಾಹಿನಿಯ ಸಂದರ್ಶನದಲ್ಲಿ ಇದು ಹುಚ್ಚುತನ ಅಂದರು. ದೊಡ್ಡವರ ಬೆಂಬಲ ಸಿಕ್ಕಿದ್ದು ಒಳ್ಳೇದೇ. ಆದರೆ ನನಗೆ ದೊಡ್ಡದಾಗಿ ಕಾಣೋದು ಅದಲ್ಲ. ಮೊಕದ್ದಮೆಯ ಕತ್ತಿ ತಲೆ ಮೇಲೆ ತೂಗುವಾಗಲೂ ಬೆಳಗ್ಗೆದ್ದು ಅಡುಗೆಗೆ ಪಾತ್ರೆ ಇಡೋದಿದೆಯಲ್ಲ, ಅದು. ನಾಯಕತ್ವ ಅಂದ್ರೆ ಮೈಕ್ ಮುಂದೆ ಗುಡುಗೋದು ಅಂತ ನಾವು ಅಂದುಕೊಂಡಿದ್ದೇವೆ. ನಾಲ್ಕು ದಶಕ ದಾಟಿದರೂ ಒಂದೇ ಮನೆ, ಒಂದೇ ಕೆಲಸ ಅಂತ ನಿಂತ ಗಾರ್ಸಿಯಾ ಅವರಂಥವರನ್ನು ನಾಯಕರು ಅಂತ ಕರೆಯೋದನ್ನೂ ಕಲಿಯೋಣ.

ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಯಾವ ಊರು ಅಂತ ಕೇಳೋದು ನಮ್ಮ ಹಳ್ಳಿಗಳ ರೀತಿ. ಊರು ಕೇಳೋದು ಸರ್ಕಾರದ ಕೆಲಸ, ಕೇಳಲಿ. ನೀರು ಕೊಟ್ಟವರನ್ನು ಕಟಕಟೆಯಲ್ಲಿ ನಿಲ್ಲಿಸೋ ಕಾನೂನು ಬಂದರೆ, ನಾಳೆ ಬಾಯಾರಿ ಬಂದವರು ನಮ್ಮವರೇ ಆಗಿದ್ದರೂ ಬಾಗಿಲು ತೆರೆಯೋಕೆ ಯಾರೂ ಉಳಿದಿರೋದಿಲ್ಲ.