ಏರುನೀರಿನ ಮೀನು

(ಹೊಸದುರ್ಗ ತಾಲ್ಲೂಕಿನಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಲ್ಮನ್ ಎಂಬ ಮೀನಿನ ಕಥೆಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಉತ್ತರ ಅಮೆರಿಕದ ಪಶ್ಚಿಮದ ಹೊಳೆಗಳಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳಿ ಅಲ್ಲಿಯೇ ಪ್ರಾಣ ಬಿಡುವ ಮೀನು ಅದು. ಅದರ ಬಂಧುವಾದ ಟ್ರೌಟ್ ಮೀನನ್ನು ಆಂಗ್ಲರು ನೀಲಗಿರಿಯ ತಣ್ಣನೆಯ ತೊರೆಗಳಿಗೆ ತಂದು ಬಿಟ್ಟರು. ನಮ್ಮ ಬಿಸಿಲುಸೀಮೆಯ ನೀರಿನಲ್ಲಿ ಅವೆರಡೂ ಬದುಕಲಾರವು. ಆದರೆ ಮೊಟ್ಟೆಯಿಡುವುದಕ್ಕಾಗಿ ಪ್ರವಾಹಕ್ಕೆ ಎದುರಾಗಿ ಏರುವ ಮೀನು ನಮ್ಮಲ್ಲಿಯೂ ಉಂಟು. ಮಲೆನಾಡಿನವರು ಅದನ್ನು ಹತ್ತುಮೀನು ಎನ್ನುತ್ತಾರೆ. ವೇದಾವತಿಯ ದಂಡೆಯವರಾದ ನಾವು ಹೆಸರಿಡುವ ಗೋಜಿಗೆ ಹೋಗದೆ ಹಿಡಿದು ತಿಂದಿದ್ದೇವೆ!

ಬಾಬಾಬುಡನ್‌ಗಿರಿಯ ಮಡಿಲಿನಿಂದ ಇಳಿಯುವ ವೇದಾ ಅಯ್ಯನಕೆರೆಯನ್ನೂ, ಆವತಿ ಮದಗದಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನದಿ ಹೊಸದುರ್ಗದ ಸೀಮೆಯನ್ನು ಹಾದು ಮಾರಿಕಣಿವೆಯನ್ನು ಸೇರುತ್ತದೆ. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಿನ ಆ ಕಣಿವೆಗೆ ಮೈಸೂರು ಸಂಸ್ಥಾನವು 1898ರಲ್ಲಿ ಅಣೆಕಟ್ಟೆಯ ಕೆಲಸವನ್ನು ಆರಂಭಿಸಿ 1907ರಲ್ಲಿ ಮುಗಿಸಿತು. ರೀಜೆಂಟ್ ಮಹಾರಾಣಿಯವರ ಹೆಸರಿನಿಂದ ಅದು ವಾಣಿವಿಲಾಸಸಾಗರವಾಯಿತು. ಪೂರ್ಣಮಟ್ಟ 130 ಅಡಿ, ಸಂಗ್ರಹ ಸುಮಾರು 30 ಟಿ.ಎಂ.ಸಿ.

ಕಟ್ಟೆಯನ್ನು ಕಟ್ಟಿದವರ ದೂರದೃಷ್ಟಿಯನ್ನು ನಾನು ಹಳಿಯುವುದಿಲ್ಲ. ಹಿರಿಯೂರಿನ ತೋಟಗಳೇ ಅದಕ್ಕೆ ಸಾಕ್ಷಿ. ಆದರೆ ಮೀನಿನ ವಿಚಾರ ಆಗ ಯಾರ ತಲೆಗೂ ಬಂದಂತಿಲ್ಲ. ಅಮೆರಿಕದ ಕೊಲಂಬಿಯಾ ನದಿಗೆ 1938ರಲ್ಲಿ ಬಾನ್‌ವಿಲ್ ಅಣೆಕಟ್ಟು ಬಂದಾಗ, ಸಾಲ್ಮನ್ ಹತ್ತಿಹೋಗಲೆಂದು ಬದಿಯಲ್ಲಿ ನೀರಿನ ಮೆಟ್ಟಿಲುಗಳನ್ನು ಕಟ್ಟಿದರು. ನಮ್ಮ ಕಟ್ಟೆಯ ಕೆಳಗಿನ ಮೀನಿಗೆ ಅಂತಹ ದಾರಿಯಿಲ್ಲ. ಕೋಡಿ ಬಿದ್ದಾಗ ಕೆಳಗಿಳಿದ ಮೀನು ಹಿಂದಿರುಗಲಾರದು. ಕಟ್ಟೆಯ ಮೇಲ್ಭಾಗದ ಮೀನಿಗೆ ಮಾತ್ರ ಇನ್ನೂ ಒಂದು ದಾರಿ ಉಳಿದಿದೆ; ಅದು ಹಿನ್ನೀರಿನಿಂದ ಹೊಸದುರ್ಗದ ಕಡೆಗೆ ಏರುವ ವೇದಾವತಿ ಮತ್ತು ಅದನ್ನು ಸೇರುವ ಹಳ್ಳಗಳು. ಇಂದಿನ ನನ್ನ ಮಾತು ಈ ದಾರಿಯನ್ನು ಕುರಿತದ್ದು.

ಸಂಗತಿ ಇಷ್ಟು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಹೊಟ್ಟೆ ತುಂಬ ಮೊಟ್ಟೆಯನ್ನು ಹೊತ್ತರೂ ಅಲ್ಲಿ ಇಡುವುದಿಲ್ಲ. ಹೊಸ ನೀರು ಹರಿದು ಬಂದು ದಡದ ಹುಲ್ಲು ಮುಳುಗಬೇಕು. ಆಗ ಅವು ಏರುತ್ತವೆ. ನೀರು ಬಾರದೆ ಹೋದರೆ ಮೊಟ್ಟೆ ಮೈಯೊಳಗೇ ಕರಗಿಹೋಗುತ್ತದೆ. ಬಾಳೆಮೀನು, ಪಕ್ಕೆ ಮೊದಲಾದ ನಾಡಮೀನುಗಳೂ ಏರುನೀರನ್ನೇ ಕಾಯುತ್ತವೆ. ಕೊರವ ದೂರ ಹೋಗುವುದಿಲ್ಲ. ತೆಳುನೀರಿನ ಅಂಚಿನಲ್ಲಿ ಗೂಡು ಮಾಡಿ ಮರಿಗಳನ್ನು ತಾನೇ ಕಾಯುತ್ತದೆ. ತಾಯಿತಂದೆಯನ್ನು ಹಿಡಿದ ಕೂಡಲೇ ಆ ಮರಿಗಳ ಗುಂಪು ಬೇರೆ ಮೀನುಗಳ ಪಾಲಾಗುತ್ತದೆ.

ಮೊಟ್ಟೆಯಿಟ್ಟು ಸಾಯುವ ಸಾಲ್ಮನ್ನಿಗಿಂತ ನಮ್ಮ ಮೀನು ಅದೃಷ್ಟಶಾಲಿ. ಅದು ಮರಳಿ ಕೆರೆಗಿಳಿದು ಮುಂದಿನ ವರ್ಷ ಮತ್ತೆ ಏರಬಲ್ಲದು, ನಾವು ಬಿಟ್ಟರೆ. ಆದರೆ ನಾವು ಬಿಡುವುದಿಲ್ಲ. ಮೊದಲ ಕೆಂಪುನೀರು ಬಂದ ರಾತ್ರಿ ಹಳ್ಳದ ಬಾಯಿಗೆ ಅಡ್ಡಬಲೆ ಬೀಳುತ್ತದೆ, ಕೂಣಿ ಇಡುತ್ತಾರೆ. ಬಾಲ್ಯದಲ್ಲಿ ನಾನೂ ಲಾಟೀನು ಹಿಡಿದು ಹಿರಿಯರೊಡನೆ ಹೋದವನೇ. ಮೊಟ್ಟೆ ತುಂಬಿದ ಮೀನಿಗೆ ರುಚಿ ಹೆಚ್ಚೆಂದು ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳಲ್ಲ; ಆದುದರಿಂದಲೇ ಈ ಮಾತು ಕಷ್ಟ.

ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಅಂದರೆ ಮಾರಿಕಣಿವೆಯ ಮೊದಲ ಕಲ್ಲಿಗಿಂತ ಆ ನಿಷೇಧ ಒಂದು ವರ್ಷ ಹಿರಿಯದು! ಮುಂಗಾರಿನ ತಿಂಗಳುಗಳಲ್ಲಿ ಬಲೆಯನ್ನು ನಿಲ್ಲಿಸುವ ಪದ್ಧತಿಯೂ ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯ ಮಳೆ ಪಂಚಾಂಗದಂತೆ ನಡೆಯುವುದಿಲ್ಲ. ಜೂನ್, ಜುಲೈ ಒಣಗಿ ಹೋಗಿ, ಹಳ್ಳಕ್ಕೆ ನೀರು ಬರುವುದು ಎಷ್ಟೋ ವರ್ಷ ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ. ಬಲೆಯ ರಜೆ ಮುಗಿದ ಮೇಲೆ ಮೀನಿನ ಹೆರಿಗೆಯ ಕಾಲ ಬಂದರೆ ಯಾರು ಕೇಳುವವರು? ತಿಂಗಳನ್ನು ನೋಡಿ ಅಲ್ಲ, ನೀರನ್ನು ನೋಡಿ ರಜೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ನದಿ ಏರಿದ ದಿನದಿಂದ ಎರಡು ವಾರ ಹಳ್ಳದ ಬಾಯಿಗಳಲ್ಲಿ ಬಲೆ ಬೇಡ. ಕೆರೆಯ ಆಳದಲ್ಲಿ ಹಿಡಿಯುವವರು ಹಿಡಿಯಲಿ. ಹರಿಗೋಲನ್ನೇ ನಂಬಿದ ಬೆಸ್ತರ ಮನೆಗಳಿಗೆ ಇಡೀ ಮಳೆಗಾಲ ಗಂಜಿ ಯಾರು ಕೊಡುತ್ತಾರೆ?

ಬಲೆಯೊಂದೇ ತಪ್ಪಿತಸ್ಥನಲ್ಲ. ವೇದಾವತಿಯ ಮರಳನ್ನು ಬಗೆದು ಸಾಗಿಸಿದ ಕಡೆಗಳಲ್ಲಿ ನದಿಯ ಪಾತ್ರ ಗುಂಡಿಗಳ ಸಾಲಾಗಿದೆ. ಮೊದಲ ನೀರೆಲ್ಲ ಆ ಗುಂಡಿಗಳಲ್ಲೇ ಇಂಗುತ್ತದೆ. ಮೇಲೆ ಹತ್ತಿದ ಮೀನು ನೀರು ಇಳಿದೊಡನೆ ಅಲ್ಲಿಯೇ ಸಿಕ್ಕಿ ಸಾಯುತ್ತದೆ. ಅಂತರ್ಜಲಕ್ಕೆಂದು ಕಟ್ಟಿದ ಚೆಕ್ ಡ್ಯಾಮುಗಳು ನಮಗೆ ಬೇಕು. ಆದರೆ ಒಂದು ಬದಿಯಲ್ಲಿ ಕಲ್ಲು ಜೋಡಿಸಿ ಇಳಿಜಾರು ಮಾಡಿದರೆ ಮೀನು ಹತ್ತಿಹೋಗಬಹುದೆಂಬುದನ್ನು ಕಟ್ಟುವವರಿಗೆ ನಾವೇ ಹೇಳಬೇಕು.

"ಮರಿ ಬಿತ್ತನೆ ಮಾಡುತ್ತಾರಲ್ಲ, ಚಿಂತೆಯೇನು?" ಎನ್ನುವವರಿದ್ದಾರೆ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ ಅದು ಸಾಧ್ಯವಾಯಿತು. ದೊಡ್ಡ ಸಾಧನೆಯೇ ಸರಿ. ಆದರೆ ಬಿತ್ತನೆಯಾಗುವುದು ಮಾರುಕಟ್ಟೆಯ ನಾಲ್ಕಾರು ಜಾತಿ ಮಾತ್ರ. ಪಕ್ಕೆಯ ಮರಿಯನ್ನು ಯಾರೂ ತಂದು ಬಿಡುವುದಿಲ್ಲ. ಬಡವರ ಸಾರಿಗೆ ಬರುವುದು ಆ ಸಣ್ಣ ಮೀನೇ. ಇನ್ನೊಂದೆಡೆ ಜಿಲೇಬಿ ಮೀನು ನಿಂತ ನೀರಿನಲ್ಲೇ ಮರಿ ಮಾಡಿ ಹಬ್ಬುತ್ತದೆ, ಅದಕ್ಕೆ ಹೊಳೆಯ ಹಂಗಿಲ್ಲ.

1933ರ ಬಳಿಕ 89 ವರ್ಷ ಕೋಡಿ ಹರಿಯದಿದ್ದ ಸಾಗರ 2022ರ ಸೆಪ್ಟೆಂಬರಿನಲ್ಲಿ ಹರಿಯಿತು, 2025ರ ಜನವರಿಯಲ್ಲಿ ಮತ್ತೆ ತುಂಬಿತು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆಯ ನೀರೂ ಇದಕ್ಕೆ ಕಾರಣ. ಹಿರಿಯೂರಿನವರು ಬಾಗಿನ ಅರ್ಪಿಸಿದರು. ನಮ್ಮ ತಾಲ್ಲೂಕಿನ ಹಿನ್ನೀರಿನವರು ಮುಳುಗಿದ ತೋಟಗಳ ಮುಂದೆ ನಿಂತರು. ಎರಡೂ ನಿಜ. ಆ ಮುಳುಗಡೆಯ ತೆಳುನೀರೇ ಮೀನಿಗೆ ಹೇಳಿಮಾಡಿಸಿದ ಹೆರಿಗೆಮನೆ ಎಂದು ತೋಟ ಕಳೆದುಕೊಂಡವರ ಎದುರು ಹೇಳುವ ಧೈರ್ಯ ನನಗಿಲ್ಲ. ಅವರಿಗೆ ಪರಿಹಾರ ದೊರೆಯಲೇಬೇಕು.

ಹೊಳಲ್ಕೆರೆಯಿಂದ ಬಂದ ವಿದ್ಯಾರ್ಥಿಗಳು, ತಮ್ಮ ಕಡೆ ಸಾಗರವಿಲ್ಲವಲ್ಲ ಎಂದು ಸಭೆಗೆ ಮುಂಚೆ ಕೇಳಿದರು. ನಿಮ್ಮ ಸೀಮೆಯ ಮಳೆನೀರಿನ ಒಂದು ಪಾಲು ಹಳ್ಳಗಳ ಮೂಲಕ ಚನ್ನಗಿರಿಯ ಸೂಳೆಕೆರೆಗೆ ಹೋಗುತ್ತದೆ. ಕೆರೆಯಿಂದ ಕೆರೆಗೆ ಇರುವ ಕೋಡಿಹಳ್ಳಗಳೇ ನಿಮ್ಮ ಮೀನಿನ ಹೆದ್ದಾರಿ. ಒತ್ತುವರಿಯಾದ ಹಳ್ಳಗಳು ಎಷ್ಟು, ನಡೆದು ನೋಡಿ ಬನ್ನಿ. ನೀರು ಬಂದ ದಿನಾಂಕ, ಏರಿದ ಮೀನಿನ ಜಾತಿ, ಹೊಟ್ಟೆಯಲ್ಲಿ ಮೊಟ್ಟೆ ಇತ್ತೋ ಇಲ್ಲವೋ, ಇವಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮೀನಿನ ಹೆಸರು ತಿಳಿಯದಿದ್ದರೆ ಬೆಸ್ತರ ಮನೆಯ ಅಜ್ಜಿಯರನ್ನು ಕೇಳಿ. ಮುಂದಿನ ಮಳೆಗಾಲ ಮುಗಿದ ಮೇಲೆ ಆ ಪುಸ್ತಕಗಳೊಡನೆ ಇಲ್ಲಿಯೇ ಸೇರೋಣ.