ದಡ್ಡ ತಿಮ್ಮನ ಪ್ರಶ್ನೆ
(ಮಾಕಳಿಯಲ್ಲಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಯ ಮಾತು ಬಿಟ್ಟು ಹಾಸ್ಯಗಾರನೊಬ್ಬನ ಮಾತೇಕೆ ಎಂದು ನೀವು ಕೇಳಬಹುದು. ಆ ಮಾತುಗಳನ್ನು ದೊಡ್ಡವರ ಎದುರು ಆಡಲು ಮೊದಲು ಭಯ ಹೋಗಬೇಕು. ಭಯ ಬಿಡಿಸುವ ವಿದ್ಯೆ ಬಲ್ಲವರಾಗಿದ್ದರು ಬೀಚಿ.

ಅವರ ನಿಜ ಹೆಸರು ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದರು, 1980ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಗಿರಿ. ಕನ್ನಡ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದವರನ್ನು ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿ ಕನ್ನಡಕ್ಕೆ ಎಳೆದು ತಂದಿತು. ಮುಂದೆ ಅವರೇ ‘ದಾಸಕೂಟ’, ‘ಸರಸ್ವತಿ ಸಂಹಾರ’ ಮುಂತಾದ ಕಾದಂಬರಿಗಳನ್ನು ಬರೆದರು.

ನಾವು ಸರ್ಕಾರವನ್ನು ಕಿಟಕಿಯ ಹೊರಗೆ ಸಾಲಿನಲ್ಲಿ ನಿಂತು ನೋಡುತ್ತೇವೆ. ಬೀಚಿ ಒಳಗೆ ಮೇಜಿನ ಬಳಿ ಕೂತು ನೋಡಿದವರು. ಲಾಠಿಯ ಹಿಂದೆ ಕಡತ, ಕಡತದ ಹಿಂದೆ ಆಕಳಿಸುವ ಮನುಷ್ಯ ಎಂಬುದು ಅಂಥವರಿಗೆ ತಿಳಿಯದ ಗುಟ್ಟಲ್ಲ.

ಅವರ ತಿಮ್ಮನನ್ನು ನೀವೆಲ್ಲ ಬಲ್ಲಿರಿ. ನೋಡಲು ದಡ್ಡ, ಆದರೆ ಅವನು ಬಾಯಿ ಬಿಟ್ಟರೆ ಬುದ್ಧಿವಂತರು ತಡವರಿಸುತ್ತಾರೆ. ಅಂಥವನೊಬ್ಬ ನಮ್ಮೂರಿಗೂ ಬೇಕು. ಮಂತ್ರಿಗಳು ಶಂಕುಸ್ಥಾಪನೆಗೆ ಬಂದಾಗ ಎದ್ದು ನಿಂತು, “ಸ್ವಾಮಿ, ಹೋದ ಚುನಾವಣೆಯಲ್ಲಿ ನೆಟ್ಟ ಕಲ್ಲು ಇನ್ನೂ ಗಟ್ಟಿಯಾಗಿದೆ, ಹೊಸ ಕಲ್ಲಿನ ಖರ್ಚೇಕೆ?” ಎಂದು ಕೈಮುಗಿದು ಕೇಳಲಿ. ಅವನನ್ನು ಬೈಯುವಂತಿಲ್ಲ, ಉತ್ತರ ಕೊಡದೆ ಇರುವಂತೆಯೂ ಇಲ್ಲ!

ಆದರೆ ಒಂದು ಎಚ್ಚರ. ನಕ್ಕು ಮನೆಗೆ ಹೋಗಿ ಮಲಗಿದರೆ ಮಂತ್ರಿಗಳಿಗೆ ಏನು ನಷ್ಟ? ಜನ ನಗಲಿ, ಆದರೆ ಲೆಕ್ಕ ಕೇಳದಿರಲಿ ಎಂಬ ಮುಖಂಡರೂ ಉಂಟು. ಡಾ. ಎಂ. ಶಿವರಾಂ 1942ರಿಂದ 1967ರವರೆಗೆ, 25 ವರ್ಷ, ಬೆಂಗಳೂರಿನಲ್ಲಿ ‘ಕೊರವಂಜಿ’ ನಡೆಸಿ ಕನ್ನಡಿಗರನ್ನು ನಗಿಸಿದರು. ನಕ್ಕವರು ಕೂಡಿ ನಿಂತು ಕೇಳಬೇಕಾದ ಕೆಲಸ ಮಾತ್ರ ನಮ್ಮದು. ಅದನ್ನು ಯಾವ ಸಾಹಿತಿಯೂ ನಮಗಾಗಿ ಮಾಡಿಕೊಡಲಾರ.

ಇನ್ನೊಂದು ಮಾತು. ಬೀಚಿ ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಊರನ್ನು ನಗುವವನು ತನ್ನನ್ನೂ ನಗಬೇಕು. ಆದುದರಿಂದ ನಮ್ಮ ಪಕ್ಷದವರನ್ನೂ ಬಿಡಬೇಡಿ. ಕಾರ್ಮಿಕರ ಹೆಸರಿನಲ್ಲಿ ಹಾರ ಹಾಕಿಸಿಕೊಂಡು, ಮಾಲೀಕರ ಕಾರಿನಲ್ಲಿ ಮನೆಗೆ ಹೋಗುವ ಮುಖಂಡ ಕಂಡರೆ ಅವನಿಗೂ ತಿಮ್ಮನ ಪ್ರಶ್ನೆ ಹಾಕಿ. ಅಂಗಡಿಯಲ್ಲಿ ಅಳತೆ ತಪ್ಪಿದರೆ ಅಲ್ಲಿಯೂ ಹಾಕಿ. ವರ್ತಕ ಮಿತ್ರರು ಕೋಪಿಸಿಕೊಳ್ಳಬಾರದು.

ವಾಚನಾಲಯದಿಂದ ಬೀಚಿಯವರ ಒಂದು ಪುಸ್ತಕ ತನ್ನಿ. ಊಟದ ಬಿಡುವಿನಲ್ಲಿ ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದಲಿ, ಹತ್ತು ಮಂದಿ ಕೇಳಲಿ. ಮುಂದಿನ ಸಭೆಗೆ ಆ ಹತ್ತು ಮಂದಿಯೂ ಒಂದೊಂದು ಪ್ರಶ್ನೆ ಹಿಡಿದು ಬನ್ನಿ. ಮೊದಲನೆಯದನ್ನು ನನಗೇ ಹಾಕಬಹುದು.