ಮಂಜಿನಲ್ಲಿ ನೆಲ ಬಿಡುವ ಲೆಕ್ಕ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಮುಗಿದ ಕೆಲವೇ ವಾರಗಳಲ್ಲಿ ದೇವನಹಳ್ಳಿಯ ಬಯಲಿನಲ್ಲಿ ಬೆಳಗಿನ ಮಂಜು ಕವಿಯತೊಡಗುತ್ತದೆ. ಅಲ್ಲಿಂದ ಚಳಿಗಾಲ ಕಳೆಯುವವರೆಗೆ ನಮ್ಮಂಥ ಮುಂಬಯಿ ಕನ್ನಡಿಗರಿಗೆ ಒಂದು ಸಂಕಟ. ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದು ರಾತ್ರಿ ಸುದ್ದಿ ಬರುತ್ತದೆ; ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಟ್ಯಾಕ್ಸಿ ಹಿಡಿದು ನಸುಕಿಗೇ ವಿಮಾನ ನಿಲ್ದಾಣ ಸೇರುತ್ತೇವೆ. ಇಲ್ಲಿ ಆಕಾಶ ನಿರ್ಮಲ, ಆದರೂ ವಿಮಾನ ಹೊರಡದು. ಹೋದವರೂ ಅಲ್ಲಿಂದ ಮರಳುವಾಗ ಇದೇ ಪಾಡು. "ಯಂತ್ರದ ಕಣ್ಣಿನಿಂದಲೇ ಹಾರುವ ವಿಮಾನಕ್ಕೆ ಮಂಜಾದರೇನು?" ಎಂದು ಕೌಂಟರಿನ ಹುಡುಗಿಯ ಮೇಲೆ ರೇಗುತ್ತೇವೆ. ಆಕೆ ಏನು ಮಾಡಿಯಾಳು, ಪಾಪ!

ಆಕಾಶದಲ್ಲಿ ಯಂತ್ರದ ಕಣ್ಣು ಸಾಕು, ನಿಜ. ತೊಡಕಿರುವುದು ನೆಲದ ಮೇಲೆ. ಏರುವ ವಿಮಾನವನ್ನು 45 ಇಲ್ಲವೆ 60 ಮೀಟರ್ ಅಗಲದ ರನ್‌ವೇಯ ನಡುಗೆರೆಯ ಮೇಲೆ ಓಡಿಸುವವನು ಪೈಲಟ್. ಅದು ಕೈಯ ಕೆಲಸ, ಕಣ್ಣಿನ ಕೆಲಸ. ನೆಲ ಬಿಡುವ ಹೊತ್ತಿಗೆ ದೊಡ್ಡ ವಿಮಾನದ ವೇಗ ಸೆಕೆಂಡಿಗೆ ಸುಮಾರು 70 ಮೀಟರ್. ಮುಂದೆ 300 ಮೀಟರ್ ಕಂಡರೆ ನಾಲ್ಕು ಸೆಕೆಂಡಿನ ದಾರಿ ಕಂಡಂತೆ. 125 ಮೀಟರ್ ಕಂಡರೆ ಎರಡು ಸೆಕೆಂಡೂ ಇಲ್ಲ. ಅಷ್ಟರಲ್ಲೇ ಒಂದು ಎಂಜಿನ್ ಕೆಟ್ಟು ವಿಮಾನ ಪಕ್ಕಕ್ಕೆ ಎಳೆದರೆ ಅದನ್ನು ಗೆರೆಯ ಮೇಲೆ ಹಿಡಿದು ನಿಲ್ಲಿಸಬೇಕು. ಅದಕ್ಕಾಗಿಯೇ ಈ ಕನಿಷ್ಠದ ಕಟ್ಟು.

ಬೆಂಗಳೂರನ್ನೇ ನೋಡಿ. ಮುಂಚೆ ಅಲ್ಲಿ ಇಳಿಯಲು 550 ಮೀಟರ್, ಏರಲು 300 ಮೀಟರ್ ಗೋಚರತೆ ಬೇಕಾಗಿತ್ತು. 2019ರಲ್ಲಿ ತೆರೆದ ದಕ್ಷಿಣದ ರನ್‌ವೇಗೆ ಹೊಸ ದೀಪಗಳೂ ಉಪಕರಣಗಳೂ ಬಂದು ಅನುಮತಿ ದೊರೆತ ಮೇಲೆ ಇಳಿಯಲು 50, ಏರಲು 125 ಮೀಟರ್ ಸಾಕಾಯಿತು. ಇದು ತಿರುವುಮುರುವಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅಂಥ ಮಂಜಿನಲ್ಲಿ ಇಳಿಸುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಏರಿಸುವುದು ಮಾತ್ರ ಇಂದಿಗೂ ಮನುಷ್ಯನ ಪಾಲಿಗೇ ಉಳಿದಿದೆ.

ಈ ಮೀಟರುಗಳನ್ನು ಯಾರೂ ಕಿಟಕಿಯಿಂದ ಇಣುಕಿ ಹೇಳುವುದಿಲ್ಲ. ರನ್‌ವೇಯ ಪಕ್ಕದಲ್ಲಿ ಒಂದು ಕಂಬದಿಂದ ಬೆಳಕು ಬಿಟ್ಟು, ಅದು ಎದುರಿನ ಕಂಬ ಸೇರುವಷ್ಟರಲ್ಲಿ ಎಷ್ಟು ಕುಂದಿತೆಂದು ಅಳೆಯುತ್ತಾರೆ. ಮಂಜು ಒಂದೇ ಸಮನಾಗಿ ಕೂರದಾದ್ದರಿಂದ ತಲೆ, ನಡು, ಕೊನೆ ಎಂದು ಮೂರೆಡೆ ಅಳತೆ. ಈ ಉಪಕರಣ ಮೊದಲು ಪರದೇಶದಿಂದ ಬರುತ್ತಿತ್ತು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿದ್ದಕ್ಕೆ 'ದೃಷ್ಟಿ' ಎಂದು ಹೆಸರು. ನಮ್ಮ ನಾಡಿನಲ್ಲಿ ಹುಟ್ಟಿದ್ದೆಂದು ಈ ಸಭೆಯಲ್ಲಿ ಹೇಳದಿದ್ದರೆ ಹೇಗೆ?

ಒಂದು ವಿಮಾನ ಹೋಯಿತು, ನಮ್ಮದು ನಿಂತಿತು ಎಂಬ ದೂರೂ ಉಂಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಇದು ಸುಲಭವಾಗಿ ತಿಳಿಯುತ್ತದೆ. ಚೆಕ್ಕು ಒಂದೇ ಆದರೂ ಅದನ್ನು ಪಾಸು ಮಾಡುವ ಅಧಿಕಾರ ಒಬ್ಬೊಬ್ಬರಿಗೆ ಒಂದೊಂದು ಮೊತ್ತದವರೆಗೆ. ಹಾಗೆಯೇ ಮಂಜಿನಲ್ಲಿ ಏರುವ ತರಬೇತಿ ಪಡೆದ ಪೈಲಟ್ಟಿಗೆ ಒಂದು ಮಿತಿ, ಪಡೆಯದವನಿಗೆ ಬೇರೊಂದು.

ಇನ್ನೊಂದು ಕಟ್ಟಳೆ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. 300 ಮೀಟರಿನಲ್ಲಿ ಏರಬಹುದು, 550 ಇಲ್ಲದೆ ಇಳಿಯಲಾಗದು ಎಂದಿಟ್ಟುಕೊಳ್ಳಿ. ಏರಿದ ಐದೇ ನಿಮಿಷಕ್ಕೆ ಎಂಜಿನ್ ಕೆಟ್ಟರೆ ಹಿಂದಿರುಗುವ ಬಾಗಿಲು ಮುಚ್ಚಿದೆ. ಆದುದರಿಂದ ಎರಡು ಎಂಜಿನಿನ ವಿಮಾನಕ್ಕೆ, ಒಂದೇ ಎಂಜಿನಿನ ವೇಗದಲ್ಲಿ ಒಂದು ಗಂಟೆಯೊಳಗೆ ಮುಟ್ಟಬಹುದಾದ, ಹವೆ ತಿಳಿಯಾಗಿರುವ ಬೇರೊಂದು ನಿಲ್ದಾಣವನ್ನು ಮೊದಲೇ ಗೊತ್ತುಮಾಡಿರಬೇಕು. ಮಂಗಳೂರಿನ ಬಜ್ಪೆ ಗುಡ್ಡದ ತಲೆಯ ಮೇಲಿದೆ. ಮಳೆಗಾಲದ ತಗ್ಗಿನ ಮೋಡ ಅಲ್ಲಿ ಮಂಜೇ ಆಗುತ್ತದೆ. ಅಲ್ಲಿಂದ ಏರುವವನು ಕಣ್ಣೂರೋ ಕೋಳಿಕೋಡೋ ಬೆಂಗಳೂರೋ ತೆರೆದಿದೆಯೆಂದು ನೋಡಿಕೊಂಡೇ ಏರಬೇಕು. ಅಷ್ಟು ದೂರದ ಹವೆ ಕೆಟ್ಟದ್ದಕ್ಕೂ ನಾವು ಇಲ್ಲಿ ಕಾಯಬೇಕಾದೀತು.

ಕಾಣದೆ ಓಡಿದರೆ ಏನಾಗುತ್ತದೆಂಬುದನ್ನು ಲೋಕ ಒಮ್ಮೆ ಕಂಡಿದೆ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಒಂದು ಜಂಬೊ ವಿಮಾನ ಅಪ್ಪಣೆ ದೊರೆಯುವ ಮೊದಲೇ ಮಂಜಿನಲ್ಲಿ ಓಟ ಕಿತ್ತಿತು. ಅದೇ ರನ್‌ವೇಯ ಮೇಲೆ ಇನ್ನೊಂದು ಜಂಬೊ ಬರುತ್ತಿತ್ತು. ಗೋಪುರದವರಿಗೆ ಎರಡೂ ಕಾಣುತ್ತಿರಲಿಲ್ಲ. 583 ಜನ ಸತ್ತರು.

ಇನ್ನು ನಮ್ಮ ಮಾತು. ಡಿಸೆಂಬರ್, ಜನವರಿಗಳಲ್ಲಿ ಬೆಂಗಳೂರಿನ ಮೊದಲ ವಿಮಾನವೇ ಬೇಗ ಮುಟ್ಟಿಸುತ್ತದೆಂದು ನಂಬಬೇಡಿ. ಬಿಸಿಲೇರಿದ ಮೇಲಿನ ವಿಮಾನವೂ ಅದೇ ಹೊತ್ತಿಗೆ ಇಳಿಸೀತು. ತಡವಾದರೆ ಮಂಜು ಇಲ್ಲಿಯದೋ, ಅಲ್ಲಿಯದೋ, ನಮ್ಮ ವಿಮಾನ ಬರಬೇಕಾದ ಮೂರನೆಯ ಊರಿನದೋ ಎಂದು ಸಮಾಧಾನದಿಂದ ಕೇಳಿರಿ. ಮಣ್ಣಿಗೆ ಹೋಗುವವರು ಫೋನಿನಲ್ಲಿ ವೇಳೆ ತಿಳಿಸುವಾಗ ಎರಡು ಮೂರು ಗಂಟೆ ಸೇರಿಸಿಯೇ ಹೇಳಿ. ಅಲ್ಲಿ ಹೆಣ ಇಟ್ಟುಕೊಂಡು ದಾರಿ ನೋಡುವವರಿರುತ್ತಾರೆ.